ಹೆಸರರಿಯದ ಮಗುವಿಗಾಗಿಯೂ ಬರೆದ ತಾಯಿ: ಧುವೋಡಾಳ ಕೈಹೊತ್ತಿಗೆ ಮತ್ತು ಮನೆಯೊಳಗಿನ ವಿಶ್ವಾಸ ಪರಂಪರೆ

ಸಭಾ ಚರಿತ್ರೆಯಲ್ಲಿ ತಾಯಂದಿರು ಸಾಮಾನ್ಯವಾಗಿ ಇತರರ ಲೇಖನಿಯ ಮೂಲಕವೇ ನಮಗೆ ಪರಿಚಿತರಾಗುತ್ತಾರೆ. ಲೋವಿ ಹಾಗೂ ಯೂನಿಕೆಯರ ವಿಶ್ವಾಸವನ್ನು ನಾವು ಅರಿಯುವುದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಒಂದು ವಾಕ್ಯದಿಂದ. ಮೋನಿಕಳ ಕಣ್ಣೀರನ್ನು ಅರಿಯುವುದು ಅಗಸ್ಟೀನನ ‘ಕನ್ಫೆಷನ್ಸ್’ ಗ್ರಂಥದಿಂದ. ಬೆಸಿಲ್ ಹಾಗೂ ನಿಸ್ಸಾದ ಗ್ರೆಗೊರಿಯವರ ತಾಯಿಯಾದ ಎಮ್ಮೇಲಿಯಾಳ ಪರಿಚಯವಾಗುವುದು ಗ್ರೆಗೊರಿಯು ತನ್ನ ಅಕ್ಕ ಮಕ್ರೀನಳನ್ನು ಕುರಿತು ರಚಿಸಿದ ಚರಿತ್ರೆಯಿಂದ. ಮಕ್ಕಳು ಸಭೆಯಲ್ಲಿ ಹೆಸರು ಪಡೆದದ್ದರಿಂದಲೇ ತಾಯಂದಿರ ಹೆಸರೂ ಉಳಿದಿದೆ. ಹಣ್ಣನ್ನು ಕಂಡವರು ಮರದ ಬೇರನ್ನು ನೆನೆದಂತೆ ಇದು.

ಒಂಬತ್ತನೆಯ ಶತಮಾನದ ಫ್ರಾಂಕ್ ರಾಜ್ಯದ ಕುಲೀನ ಸ್ತ್ರೀ ಧುವೋಡಾಳ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅವಳ ಮಕ್ಕಳಲ್ಲಿ ಯಾರೂ ತಾಯಿಯ ಕುರಿತು ಬರೆದದ್ದು ನಮ್ಮ ಕೈಸೇರಿಲ್ಲ. ತಾಯಿಯೇ ಮಗನಿಗಾಗಿ ಒಂದು ಗ್ರಂಥವನ್ನು ಬರೆದಳು. ‘ಕೈಹೊತ್ತಿಗೆ’ ಎಂಬ ಅರ್ಥದ ಲತೀನ್ ಹೆಸರಿನ ಆ ಗ್ರಂಥವು, ಮನೆಯಲ್ಲಿ ವಿಶ್ವಾಸವು ಹೇಗೆ ಕೈಯಿಂದ ಕೈಗೆ ಸಾಗುತ್ತದೆ ಎಂಬುದನ್ನು ಒಬ್ಬ ತಾಯಿಯ ಮಾತಿನಲ್ಲಿಯೇ ತಿಳಿಸುವ ಅಪರೂಪದ ಸಾಕ್ಷ್ಯವಾಗಿದೆ. ಫಲವೇನಾಗುವುದೆಂಬುದು ಅವಳಿಗೆ ಗೊತ್ತಿಲ್ಲದಿದ್ದಾಗ ಬರೆದದ್ದೆಂಬುದೇ ಅದರ ವಿಶೇಷ ಬೆಲೆ.

ಧುವೋಡಾ 824ರ ಜೂನ್ 29ರಂದು ಆಖೆನ್ ಅರಮನೆಯಲ್ಲಿ ಸೆಪ್ಟಿಮೇನಿಯಾದ ಬರ್ನಾರ್ಡನನ್ನು ವಿವಾಹವಾದಳು. ಬರ್ನಾರ್ಡನು ಶಾರ್ಲಮೇನ್ ಚಕ್ರವರ್ತಿಯ ಬಂಧುವೂ ಗೆಲೋನ್ ಮಠದ ಸ್ಥಾಪಕನೂ ಆದ ವಿಲಿಯಂನ ಮಗ. ಅವರ ಹಿರಿಯ ಮಗ ವಿಲಿಯಂ 826ರ ನವೆಂಬರ್ 29ರಂದು ಜನಿಸಿದನು. ಬರ್ನಾರ್ಡನು 829ರಲ್ಲಿ ಚಕ್ರವರ್ತಿ ಲೂಯಿಯ ಆಸ್ಥಾನದಲ್ಲಿ ಉನ್ನತ ಅಧಿಕಾರಿಯಾಗಿ ನೇಮಕಗೊಂಡನು. ಮರುವರ್ಷವೇ ರಾಣಿ ಜೂಡಿತಳೊಡನೆ ಅಕ್ರಮ ಸಂಬಂಧವಿದೆಯೆಂಬ ಆರೋಪಕ್ಕೆ ಗುರಿಯಾಗಿ ಆಸ್ಥಾನವನ್ನು ತೊರೆಯಬೇಕಾಯಿತು. ಅವನ ಮನೆತನ ಇದಕ್ಕೆ ಭಾರಿ ಬೆಲೆ ತೆತ್ತಿತು. ಸಹೋದರ ಹೆರಿಬರ್ಟನ ಕಣ್ಣು ಕೀಳಿಸಲಾಯಿತು. 834ರಲ್ಲಿ ಇನ್ನೊಬ್ಬ ಸಹೋದರ ಗೋಸೆಲ್ಮನ ತಲೆ ಕಡಿಸಲಾಯಿತು. ಸನ್ಯಾಸಿನಿಯಾಗಿದ್ದ ಸಹೋದರಿ ಗೆರ್ಬರ್ಗಳ ಮೇಲೆ ಮಾಟದ ಆರೋಪ ಹೊರಿಸಿ ಸೋನ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು.

ಲೂಯಿ ಚಕ್ರವರ್ತಿ 840ರ ಜೂನ್ 20ರಂದು ಮರಣಹೊಂದಿದ ಮೇಲೆ ಅವನ ಮಕ್ಕಳ ನಡುವೆ ಯುದ್ಧ ಆರಂಭವಾಯಿತು. ಧುವೋಡಾ ಆಗ ಗಂಡನ ಅಪ್ಪಣೆಯಂತೆ ದಕ್ಷಿಣದ ಯುಜೆಸ್ ಪಟ್ಟಣದಲ್ಲಿ ವಾಸವಾಗಿದ್ದಳು. 841ರ ಮಾರ್ಚ್ 22ರಂದು ಅಲ್ಲಿ ಅವಳಿಗೆ ಎರಡನೆಯ ಮಗ ಹುಟ್ಟಿದನು. ಜೂನ್ 25ರಂದು ಫೋಂತನ್ವಾದಲ್ಲಿ ಸಹೋದರರ ಸೈನ್ಯಗಳು ಪರಸ್ಪರ ಸಂಹರಿಸಿಕೊಂಡಾಗ ಬರ್ನಾರ್ಡನು ತನ್ನ ದಂಡಿನೊಡನೆ ದೂರದಲ್ಲಿ ನಿಂತು ನೋಡಿದನು. ಗೆದ್ದ ಪಕ್ಷದ ಬೋಳುತಲೆಯ ಚಾರ್ಲ್ಸನಿಗೆ ತನ್ನ ನಿಷ್ಠೆಯನ್ನು ತೋರಿಸಲು, ಹದಿನೈದು ತುಂಬದ ವಿಲಿಯಂನನ್ನು ಅವನ ಬಳಿಗೆ ಕಳುಹಿಸಿದನು. ಆ ಬಾಲಕನು ಹೆಸರಿಗೆ ರಾಜಸೇವಕನಾಗಿದ್ದರೂ ನಿಜದಲ್ಲಿ ತಂದೆಯ ನಿಷ್ಠೆಗೆ ಇಟ್ಟ ಒತ್ತೆಯಾಗಿದ್ದನು. ಅದೇ ಸಮಯದಲ್ಲಿ ಬರ್ನಾರ್ಡನ ಆಜ್ಞೆಯ ಮೇರೆಗೆ ಯುಜೆಸ್‌ನ ಬಿಷಪ್ ಎಲೆಫಾಂತುಸನೂ ಇತರರೂ ಹಸುಗೂಸನ್ನು ಅಕ್ವಿಟೇನಿಗೆ ಕರೆದೊಯ್ದರು. ಮಗುವಿಗೆ ಆಗ ದೀಕ್ಷಾಸ್ನಾನವೂ ಆಗಿರಲಿಲ್ಲ. ಅದಕ್ಕೆ ಯಾವ ಹೆಸರನ್ನು ಇಟ್ಟರೆಂಬುದು ಹೆತ್ತವಳಿಗೆ ತಿಳಿಯಲಿಲ್ಲ.

841ರ ನವೆಂಬರ್ 30ರಂದು, ಅಂದರೆ ವಿಲಿಯಂನಿಗೆ ಹದಿನೈದು ವರ್ಷ ತುಂಬಿದ ಮರುದಿನ, ಧುವೋಡಾ ಬರೆಯಲು ಕುಳಿತಳು. ಮುಗಿಸಿದ್ದು 843ರ ಫೆಬ್ರವರಿ 2ರಂದು, ಮರಿಯಳ ಶುದ್ಧೀಕರಣದ ಹಬ್ಬದ ದಿನ. ತಾಯಿಯೊಬ್ಬಳು ಮಗುವನ್ನು ದೇವಾಲಯಕ್ಕೆ ತಂದು ಕರ್ತನಿಗೆ ಒಪ್ಪಿಸಿದ್ದನ್ನೂ, ಅಲಗೊಂದು ಅವಳ ಪ್ರಾಣವನ್ನೇ ತಿವಿಯುವುದೆಂದು ಸಿಮೆಯೋನನು ಮುನ್ನುಡಿದದ್ದನ್ನೂ ಸಭೆಯು ಸ್ಮರಿಸುವ ದಿನವದು. ಇಬ್ಬರು ಮಕ್ಕಳನ್ನೂ ಕೈಬಿಡಬೇಕಾಗಿ ಬಂದವಳಿಗೆ ಆ ದಿನದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಅವಳು ಮಗನಿಗೆ ಏನನ್ನು ಕಲಿಸಿದಳು? ಗ್ರಂಥವು ಆರಂಭವಾಗುವುದು ದೇವರನ್ನು ಪ್ರೀತಿಸುವ ಮತ್ತು ಹುಡುಕುವ ವಿಷಯದಿಂದ. ದೇವರ ಕುರಿತು ಮಾತನಾಡಲು ತಾನು ಎಷ್ಟರವಳೆಂದು ಕೇಳಿಕೊಳ್ಳುವಾಗ ಅವಳು ಒಂದು ಹೋಲಿಕೆಯನ್ನು ಮುಂದಿಡುತ್ತಾಳೆ. ಯಜಮಾನನ ಮೇಜಿನ ಕೆಳಗೆ, ಇತರ ಮರಿಗಳ ನಡುವೆ, ಒಂದು ಪುಟ್ಟ ನಾಯಿಮರಿಯೂ ಬಿದ್ದ ರೊಟ್ಟಿಯ ಚೂರನ್ನು ಹಿಡಿದು ತಿನ್ನಬಲ್ಲದು. ಮತ್ತಾಯನ ಸುವಾರ್ತೆಯಲ್ಲಿ ಈ ಮಾತನ್ನು ಕರ್ತನ ಮುಂದೆ ಆಡಿದವಳು ಕಾನಾನ್ಯ ಸ್ತ್ರೀ. ಅವಳೂ ತನ್ನ ಮಗುವಿಗಾಗಿ ಬೇಡಿಬಂದ ತಾಯಿಯೇ. ಧುವೋಡಾ ವಿನಯದ ಮಾತಾಡುತ್ತಲೇ ಕಲಿಸುವ ಹಕ್ಕನ್ನು ವಹಿಸಿಕೊಳ್ಳುತ್ತಾಳೆ.

ಅವಳ ಬೋಧನಾ ಕ್ರಮವೂ ಮನೆಯದೇ. ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುವಂತೆ ಈ ಪುಸ್ತಕದಲ್ಲಿ ನಿನ್ನ ಆತ್ಮವನ್ನು ನೋಡಿಕೊ, ನಿನ್ನ ತಾಯಿಯನ್ನೂ ಕಾಣು ಎನ್ನುತ್ತಾಳೆ. ‘ದೇವರು’ ಎಂಬರ್ಥದ ಲತೀನ್ ಪದದ ಅಕ್ಷರಗಳನ್ನು ಬಿಡಿಸಿ ತೋರಿಸುತ್ತಾಳೆ. ಪವಿತ್ರಾತ್ಮನ ಏಳು ವರಗಳನ್ನೂ ಎಂಟು ಧನ್ಯವಚನಗಳನ್ನೂ ಕೂಡಿಸಿ ಹದಿನೈದು ಮೆಟ್ಟಿಲುಗಳಾಗಿ ಜೋಡಿಸಿ, ಒಂದೊಂದನ್ನೇ ಹತ್ತೆಂದು ಹೇಳುತ್ತಾಳೆ. ಮಲಗುವಾಗ ಹಣೆಯ ಮೇಲೆ ಶಿಲುಬೆಯ ಗುರುತು, ದಿನದ ನಿಯಮಿತ ಘಳಿಗೆಗಳಲ್ಲಿ ಪ್ರಾರ್ಥನೆ, ಯಾವ ಸಂಕಟಕ್ಕೆ ಯಾವ ಕೀರ್ತನೆ ಎಂಬುದರವರೆಗೆ ಅವಳ ಸೂಚನೆಗಳಿವೆ. ಅಗಸ್ಟೀನ್, ಮಹಾ ಗ್ರೆಗೊರಿ ಮೊದಲಾದವರ ಗ್ರಂಥಗಳ ಪರಿಚಯ ಅವಳಿಗಿತ್ತು; ಆದರೆ ಅವರ ಮಾತುಗಳು ಇಲ್ಲಿ ಮಗನ ಕೈಗೆ ಎಟುಕುವಷ್ಟು ಎತ್ತರಕ್ಕೆ ಇಳಿದು ಬರುತ್ತವೆ. ದೇಹದಲ್ಲಿ ಒಮ್ಮೆ ಹೆತ್ತ ತಾಯಿಯು ಮನಸ್ಸಿನಲ್ಲಿ ಎರಡನೆಯ ಸಲ ಹೆರುತ್ತಾಳೆಂಬುದು ಅವಳ ಗ್ರಹಿಕೆ. ಕ್ರಿಸ್ತನಲ್ಲಿ ದಿನದಿನವೂ ಹೊಸದಾಗಿ ಹುಟ್ಟಬೇಕೆಂದು ಮಗನಿಗೆ ಬೋಧಿಸುವುದೇ ಆ ಎರಡನೆಯ ಪ್ರಸವ.

ಕುಟುಂಬ ಪ್ರೀತಿಯನ್ನು ಅವಳು ಕೇವಲ ಭಾವನೆಯಾಗಿ ಕಾಣುವುದಿಲ್ಲ. ಅದು ಮಾಡಬೇಕಾದ ಕೆಲಸಗಳ ಒಂದು ಪಟ್ಟಿ. ತಮ್ಮನ ವಿಷಯದಲ್ಲಿ ಇದು ಸ್ಪಷ್ಟವಾಗಿದೆ. ಹೆಸರು ಗೊತ್ತಿಲ್ಲದ ಆ ಕೂಸು ದೀಕ್ಷಾಸ್ನಾನ ಹೊಂದಿ ಬೆಳೆದು ಮಾತನಾಡುವ, ಓದುವ ವಯಸ್ಸಿಗೆ ಬಂದಾಗ ಅಣ್ಣನು ಈ ಪುಸ್ತಕವನ್ನು ಅವನಿಗೆ ತೋರಿಸಬೇಕು, ಕಲಿಸಬೇಕು, ಪ್ರೀತಿಸಬೇಕು. ತಾಯಿಗೆ ತಲುಪಲಾಗದ ಮಗುವನ್ನು ಅಣ್ಣನ ಮೂಲಕ ಬೋಧನೆಯು ತಲುಪಬೇಕು. ಪೌಲನು ತಿಮೊಥೆಯನಿಗೆ ಕೊಟ್ಟ ಆದೇಶವೂ ಇದೇ ಬಗೆಯದು: ಕೇಳಿದ್ದನ್ನು, ಇತರರಿಗೆ ಕಲಿಸಬಲ್ಲ ನಂಬಿಗಸ್ತರಿಗೆ ಒಪ್ಪಿಸಬೇಕು.

ಸತ್ತವರ ವಿಷಯದಲ್ಲಿಯೂ ಹಾಗೆಯೇ. ತಂದೆಯ ಕುಲದಲ್ಲಿ ಗತಿಸಿದವರ ಹೆಸರುಗಳನ್ನು ಬರೆದಿಟ್ಟು, ಅವರಿಗಾಗಿ ಪ್ರಾರ್ಥಿಸಲು ಮಗನಿಗೆ ಹೇಳುತ್ತಾಳೆ. ಆ ಪಟ್ಟಿಯಲ್ಲಿ ಗೋಸೆಲ್ಮನಿದ್ದಾನೆ, ಗೆರ್ಬರ್ಗಳಿದ್ದಾಳೆ. ಅವರನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಬೇಕೆಂಬ ಒಂದು ಮಾತೂ ಅಲ್ಲಿಲ್ಲ. ರಕ್ತಕ್ಕೆ ರಕ್ತವನ್ನೇ ಕುಲಧರ್ಮವೆಂದು ಭಾವಿಸಿದ್ದ ಸಮಾಜದಲ್ಲಿ ಕುಟುಂಬದ ಗಾಯದ ನೆನಪನ್ನು ಕತ್ತಿಯಿಂದ ಬಿಡಿಸಿ ಪ್ರಾರ್ಥನೆಗೆ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ಕೆಲಸ ಸಾಲ ತೀರಿಸುವುದು. ಗಡಿನಾಡಿನಲ್ಲಿ ಗಂಡನ ಹಿತವನ್ನು ಕಾಯಲು ಅವಳು ಕ್ರೈಸ್ತರಿಂದಲೂ ಯೆಹೂದ್ಯರಿಂದಲೂ ಸಾಲ ಮಾಡಿದ್ದಳು. ಇಷ್ಟೆಲ್ಲ ಮಾಡಿದ್ದು ಅವನು ತನ್ನನ್ನು ತೊರೆಯದಿರಲೆಂದು ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ತನ್ನ ಮರಣಾನಂತರ ಯಾರಿಗೂ ನಷ್ಟವಾಗದಂತೆ ಆ ಸಾಲವನ್ನು ತೀರಿಸಬೇಕೆಂದು ಮಗನನ್ನು ಕೇಳಿಕೊಳ್ಳುತ್ತಾಳೆ.

ಇಲ್ಲಿ ಸಭಾಪಾಲಕರು ಎಚ್ಚರದಿಂದ ಓದಬೇಕು. ತಾಯಿಯ ತ್ಯಾಗವನ್ನು ಕೊಂಡಾಡುವ ಪ್ರಸಂಗಗಳಿಗೆ ಧುವೋಡಾ ಸುಲಭವಾದ ದೃಷ್ಟಾಂತವಾಗಿ ಒದಗಬಲ್ಲಳು. ಅವಳಿಂದ ಮಗುವನ್ನು ಅಗಲಿಸಿದವರಲ್ಲಿ ಗಂಡನಿದ್ದನು, ಜೊತೆಗೆ ಒಬ್ಬ ಬಿಷಪನೂ ಇದ್ದನು. ಅವಳು ಇಬ್ಬರ ಮೇಲೂ ದೂರು ಹೇಳುವುದಿಲ್ಲ. ಆದರೆ ಆ ಮೌನವನ್ನೇ ಸದ್ಗುಣವಾಗಿ ಬೋಧಿಸಿದರೆ, ತಾಯಂದಿರಿಂದ ಕಸಿದುಕೊಳ್ಳುವವರ ಪಕ್ಷದಲ್ಲಿ ನಾವು ನಿಂತಂತಾಗುತ್ತದೆ. ಅವಳಲ್ಲಿ ಅನುಕರಣೀಯವಾದದ್ದು ಮೌನವಲ್ಲ. ಎಲ್ಲವನ್ನೂ ಕಸಿದುಕೊಂಡ ಮೇಲೆಯೂ ಬೋಧಿಸುವ ಹೊಣೆಯನ್ನು ಬಿಟ್ಟುಕೊಡದ ಧೈರ್ಯ.

ಅವಳ ಬೋಧನೆಯಲ್ಲಿ ಇನ್ನೊಂದು ಬಿಕ್ಕಟ್ಟೂ ಇದೆ. ರಾಜನಿಗೆ ನಿಷ್ಠನಾಗಿರೆಂದು ಅವಳು ಮಗನಿಗೆ ಹೇಳುತ್ತಾಳೆ. ಆದರೆ ಲೋಕದಲ್ಲಿ ರಾಜಾಧಿಕಾರವನ್ನೇ ಮೊದಲು ಹೆಸರಿಸುವುದು ವಾಡಿಕೆಯಾಗಿದ್ದರೂ, ಹೆತ್ತ ತಂದೆಗೆ ವಿಶೇಷವಾದ ಗೌರವ ಸಲ್ಲಬೇಕೆಂದು ಒತ್ತಿ ಬರೆಯುತ್ತಾಳೆ. ತಂದೆಗೆ ತಿರುಗಿಬಿದ್ದ ಅಬ್ಷಾಲೋಮನನ್ನು ಎಚ್ಚರಿಕೆಯಾಗಿಯೂ, ವಿಧೇಯರಾದ ಇಸಾಕ, ಯೋಸೇಫರನ್ನು ಮಾದರಿಯಾಗಿಯೂ ನಿಲ್ಲಿಸುತ್ತಾಳೆ. ಅವಳು ಬರೆಯುತ್ತಿದ್ದಾಗ ಈ ಎರಡು ನಿಷ್ಠೆಗಳೂ ಹೇಗೋ ಜೊತೆಗೆ ಸಾಗುತ್ತಿದ್ದವು. ಗ್ರಂಥ ಮುಗಿದ ಮರುವರ್ಷ, 844ರಲ್ಲಿ, ಚಾರ್ಲ್ಸನು ಬರ್ನಾರ್ಡನನ್ನು ರಾಜದ್ರೋಹಕ್ಕಾಗಿ ಕೊಲ್ಲಿಸಿದನು. ವಿಲಿಯಂನು ರಾಜನ ವಿರೋಧಿಯಾದ ಅಕ್ವಿಟೇನಿನ ಪಿಪಿನನ ಪಕ್ಷವನ್ನು ಸೇರಿ, 848ರಲ್ಲಿ ಬಾರ್ಸಿಲೋನಾ ನಗರವನ್ನು ವಶಪಡಿಸಿಕೊಂಡನು. ಸುಮಾರು 850ರಲ್ಲಿ ಅಲ್ಲಿಯೇ ಸೆರೆಸಿಕ್ಕು ಕೊಲ್ಲಲ್ಪಟ್ಟನು. ಅವನಿಗೆ ಆಗ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಹಾಗಾದರೆ ತಾಯಿಯ ಬೋಧನೆ ಸೋತಿತೆ? ಮೋನಿಕಳ ಕಥೆಯನ್ನೇ ಕೇಳಿ ಬೆಳೆದ ನಮಗೆ ಈ ಪ್ರಶ್ನೆ ಸಹಜ. ಮೋನಿಕಳ ಕಣ್ಣೀರಿಗೆ ಅಗಸ್ಟೀನನ ಪರಿವರ್ತನೆ ಉತ್ತರವಾಯಿತು. ಧುವೋಡಾಳ ಅಕ್ಷರಗಳಿಗೆ ಅಂಥ ಉತ್ತರ ದೊರೆಯಲಿಲ್ಲ. ಎರಡನೆಯ ಮಗನಿಗೆ ಬರ್ನಾರ್ಡನೆಂದೇ ಹೆಸರಾಯಿತೆಂದೂ, 910ರಲ್ಲಿ ಕ್ಲೂನಿ ಮಠಕ್ಕೆ ದಾನಪತ್ರ ನೀಡಿದ ಅಕ್ವಿಟೇನಿನ ಪ್ರಭು ವಿಲಿಯಂನು ಅವನ ಮಗನೆಂದೂ ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಇದು ನಮ್ಮನ್ನು ಸಂತೈಸುವ ಸಂಗತಿಯೇ. ಆದರೂ ಕೈಹೊತ್ತಿಗೆಯ ಸತ್ಯವು ಕ್ಲೂನಿಯ ಕೀರ್ತಿಯನ್ನು ಅವಲಂಬಿಸಿಲ್ಲ. ಹಸ್ತಾಂತರವು ಕೊಡುವವರ ಕ್ರಿಯೆ. ಅದರ ಫಲವು ಅವರ ವಶದಲ್ಲಿಲ್ಲ. ಬಿತ್ತುವವನ ಸಾಮ್ಯದಲ್ಲಿ ಕರ್ತನು ನೆಲಗಳ ನಾಲ್ಕು ಬಗೆಗಳನ್ನು ಹೇಳಿದನು. ಬಿತ್ತುವವನು ಬಿತ್ತಲೇಬಾರದಿತ್ತೆಂದು ಹೇಳಲಿಲ್ಲ.

ಮಕ್ಕಳು ದಾರಿತಪ್ಪಿದಾಗ ಅಥವಾ ಅಕಾಲದಲ್ಲಿ ಮಡಿದಾಗ, ತಮ್ಮ ಬೋಧನೆಯಲ್ಲಿಯೇ ಕೊರತೆಯಿತ್ತೆಂದು ಕೊರಗುವ ತಾಯಂದಿರು ಪ್ರತಿಯೊಂದು ಸಭೆಯಲ್ಲಿಯೂ ಇದ್ದಾರೆ. ಫಲ ಕಂಡ ತಾಯಂದಿರ ಕಥೆಗಳನ್ನು ಮಾತ್ರ ಪೀಠದಿಂದ ಹೇಳಿದರೆ ಅವರ ಕೊರಗು ಇಮ್ಮಡಿಯಾಗುತ್ತದೆ. ಮೋನಿಕಳ ಪಕ್ಕದಲ್ಲಿ ಧುವೋಡಾಳನ್ನೂ ನಿಲ್ಲಿಸುವುದು ಚರಿತ್ರೆಗೆ ನ್ಯಾಯ, ಸಭಾಪಾಲನೆಗೂ ಅಗತ್ಯ.

ಧುವೋಡಾ ತನ್ನ ಗ್ರಂಥವನ್ನು, ಶಿಲುಬೆಯ ಮೇಲೆ ಕರ್ತನು ಪ್ರಾಣಬಿಡುವ ಮುನ್ನ ನುಡಿದ ಪೂರ್ಣತೆಯ ಮಾತಿನೊಂದಿಗೆ ಮುಗಿಸುತ್ತಾಳೆ. ಅದಕ್ಕೂ ಮೊದಲು ತನ್ನ ಸಮಾಧಿಯ ಮೇಲೆ ಬರೆಸಬೇಕಾದ ಪದ್ಯವನ್ನು ತಾನೇ ರಚಿಸಿ, ಸಾಲುಗಳ ಮೊದಲಕ್ಷರಗಳಲ್ಲಿ ತನ್ನ ಹೆಸರನ್ನು ಹೆಣೆದು, ದಾರಿಹೋಕರ ಪ್ರಾರ್ಥನೆಯನ್ನು ಬೇಡಿದ್ದಾಳೆ. ಗತಿಸಿದವರ ಪಟ್ಟಿಯಲ್ಲಿ ಮುಂದೆ ತನ್ನ ಹೆಸರನ್ನೂ ಸೇರಿಸಲು ಮಗನಿಗೆ ಹೇಳಿದ್ದಾಳೆ. ಸತ್ತವರಿಗಾಗಿ ಪ್ರಾರ್ಥಿಸುವ ವಿಷಯದಲ್ಲಿ ನಮ್ಮ ಸಭೆಗಳ ನಿಲುವು ಒಂದೇ ಅಲ್ಲ. ಆದರೆ ಅವರನ್ನು ಹೆಸರು ಹಿಡಿದು ಸ್ಮರಿಸುವುದರಲ್ಲಿ ಭೇದವಿಲ್ಲ. ಅವಳ ಗ್ರಂಥದ ಅತಿ ಪ್ರಾಚೀನ ತುಣುಕುಗಳು ದೊರೆತದ್ದು ಯುಜೆಸ್‌ಗೆ ಸುಮಾರು 25 ಕಿಲೋಮೀಟರ್ ದೂರದ ನೀಮ್ ನಗರದಲ್ಲಿ. ಹದಿನಾಲ್ಕನೆಯ ಶತಮಾನದ ಪ್ರತಿಯೊಂದು ಇಂದಿಗೂ ಉಳಿದಿರುವುದು ಬಾರ್ಸಿಲೋನಾದಲ್ಲಿ, ಅವಳ ಮಗನು ಮಡಿದ ನಗರದಲ್ಲಿಯೇ. ಪಿಯರ್ ರಿಶೆ 1975ರಲ್ಲಿ ಅದರ ಪರಿಷ್ಕೃತ ಆವೃತ್ತಿಯನ್ನು ಹೊರತಂದ ಮೇಲೆ ಅವಳ ಹೆಸರು ಮತ್ತೆ ದೈವಜ್ಞಾನದ ತರಗತಿಗಳಲ್ಲಿ ಕೇಳಿಬರುತ್ತಿದೆ. ನಮ್ಮ ತರಗತಿಗಳಲ್ಲಿಯೂ ಅದು ಕೇಳಿಬರಲಿ.