ನೀರು ಒಳಗ ಬರಬಾರದು, ಬೆವರು ಹೊರಗ ಹೋಗಬೇಕು: ಗಾಲ್ಫ್ ಮಳೆ ಪ್ಯಾಂಟಿನ ಇತಿಹಾಸ

ಭಾಗ 1/6: ಒಂದು ಹೊಡೆತ

2021ರ ಆಗಸ್ಟ್ 7. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್, ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಸಮೀಪ ಇದ್ದರು. ಇನ್ನೆರಡು ಕುಳಿ ಬಾಕಿ ಇದ್ದಾಗ ಗುಡುಗು-ಸಿಡಿಲು ಬಂದು ಆಟ ನಿಂತಿತು. ಮತ್ತೆ ಶುರುವಾಗಿ ಮುಗಿದಾಗ ಅವರಿಗೆ ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತ ಹೆಚ್ಚಾಗಿ ಕಂಚು ತಪ್ಪಿತು. ಅವತ್ತು ಅವರ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ.

ಗಾಲ್ಫ್‌ನಲ್ಲಿ ಸಿಡಿಲು ಬಂದ್ರ ಆಟ ನಿಲ್ತೈತಿ. ಬರೇ ಮಳಿ ಬಂದ್ರ, ಮೈದಾನದಾಗ ನೀರು ನಿಲ್ಲೋ ತನಕ ಆಟ ನಡೀತೈತಿ. 18 ಕುಳಿ ಮುಗಿಸಬೇಕಂದ್ರ ನಾಕು ತಾಸಿಗಿಂತ ಹೆಚ್ಚು, ಹಲವು ಕಿಲೋಮೀಟರ್ ನಡಿಗಿ. ಕೊಡೆ ಹಿಡ್ಕೊಂಡು ನಡೀಬಹುದು, ಆದ್ರ ಕೋಲು ಬೀಸಾಕ ಎರಡೂ ಕೈ ಬೇಕು. ಮೇಲಿನ ಜಾಕೆಟ್ ಮೇಲೆ ಬಿದ್ದ ನೀರು ಸೀದಾ ತೊಡೆಗೆ ಇಳೀತೈತಿ, ಕೆಳಗಿನ ಹುಲ್ಲು ಮೊಳಕಾಲ ತನಕ ತೋಯಿಸ್ತೈತಿ. ಅದಕ್ಕ ಗಾಲ್ಫ್ ಆಡೋರಿಗೆ ಜಾಕೆಟ್‌ನಷ್ಟೇ ಪ್ಯಾಂಟೂ ಮುಖ್ಯ.

ಸಾವಳಗ್ಯಾಗ ಗಾಲ್ಫ್ ಮೈದಾನ ಇಲ್ಲ, ಗೊತ್ತೈತಿ. ಆದ್ರೂ ಈ ಕಥಿ ನಮ್ಮ ಊರ ಕುರಿ ಹಿಂಡಿನ ತನಕ ಬರ್ತೈತಿ. ಓದ್ರಿ.

ಭಾಗ 2/6: ಉಣ್ಣೆಯ ಕಾಲ

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಸಮುದ್ರದಂಡೆಯ ಹುಲ್ಲುಗಾವಲಿನಲ್ಲಿ. 1457ರಲ್ಲೇ ಅಲ್ಲಿನ ರಾಜ ಎರಡನೇ ಜೇಮ್ಸ್ ಈ ಆಟವನ್ನು ನಿಷೇಧಿಸಿದ್ದ. ಮಂದಿ ಬಿಲ್ಲುಗಾರಿಕೆ ಅಭ್ಯಾಸ ಬಿಟ್ಟು ಗಾಲ್ಫ್ ಆಡ್ತಾರ ಅನ್ನೋದು ಅವನ ಸಿಟ್ಟು. ಮಳೆ, ಗಾಳಿ, ಚಳಿ ಮೂರೂ ಇರೋ ಆ ನಾಡಿನಲ್ಲಿ ಶತಮಾನಗಳ ಕಾಲ ಆಟಗಾರರು ತೊಟ್ಟದ್ದು ದಪ್ಪ ಉಣ್ಣೆ ಬಟ್ಟೆ. ಸಣ್ಣ ಮಳೆಗೆ ಅದು ಸಾಕು. ದೊಡ್ಡ ಮಳೆಗೆ ನೀರು ಕುಡಿದು ಭಾರ ಆಗ್ತಿತ್ತು.

ಬ್ರಿಟಿಷರ ಜೊತೆ ಆಟ ಇಲ್ಲಿಗೂ ಬಂತು. 1829ರಲ್ಲಿ ಕಲ್ಕತ್ತಾದಲ್ಲಿ ಕ್ಲಬ್ ಶುರುವಾಯ್ತು. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್. ಸ್ಕಾಟ್ಲೆಂಡಿನ ಆಟ ಈಗ ಮುಂಗಾರು ಮಳೆಯ ನಾಡಿಗೆ ಬಂದಿತ್ತು. ಈ ನಾಡಿನ ಮಂದಿ ಮಳೆಗೆ ಏನು ಹೊದಿತಿದ್ರು?

ಭಾಗ 3/6: ನಮ್ಮ ಕಂಬಳಿ

ಮಲೆನಾಡಿನಲ್ಲಿ ಎಲೆ, ಬಿದಿರಿನಿಂದ ಮಾಡಿದ ಗೊರಬು. ನಮ್ಮ ಕಡೆ ಕಂಬಳಿ. ದಖ್ಖನಿ ಕುರಿಯ ಕರಿ ಉಣ್ಣೆ ಕತ್ತರಿಸಿ, ನೂತು, ಹಾಸಿನ ನೂಲಿಗೆ ಹುಣಸಿಬೀಜದ ಗಂಜಿ ಬಳಿದು, ಕುಣಿ ಮಗ್ಗದಾಗ ನೇಯ್ತಾರ. ಗಂಜಿಯಿಂದ ನೂಲು ಬಿಗಿಯಾಗಿ, ಬಟ್ಟೆ ದಡಸಾಗಿ, ಮಳೆಹನಿ ಮೇಲೇ ಜಾರೂ ಹಂಗ ಆಗ್ತೈತಿ. ಕುರಿಗಾರ ಅದರ ಒಂದು ಮೂಲಿ ಮಡಚಿ ತಲಿ ಮ್ಯಾಲೆ ಕೊಪ್ಪಿ ಹಾಕ್ಕೊಂಡ್ರ ಬೆನ್ನು, ಭುಜ, ಕಾಲು ಎಲ್ಲಾ ಮುಚ್ಚತೈತಿ.

ಇದರ ಹಿಂದೆ ವಿಜ್ಞಾನ ಐತಿ. ಉಣ್ಣೆ ಎಳೆಯ ಹೊರಮೈ ನೀರಿನ ಹನಿಯನ್ನು ದೂರ ಇಡುತ್ತದೆ. ಒಳಭಾಗ ಮಾತ್ರ ಆವಿಯನ್ನು ಹೀರುತ್ತದೆ. ತನ್ನ ತೂಕದ ಸುಮಾರು 30% ತೇವ ಹೀರಿದರೂ ಮುಟ್ಟಿದರೆ ಹಸಿ ಅನ್ನಿಸೋದಿಲ್ಲ. ಅಂದ್ರ ಕಂಬಳಿ ಮಳೆ ತಡೀತಿತ್ತು, ಬೆವರನ್ನೂ ಒಳಗ ಕಟ್ಟಿ ಹಾಕ್ತಿರಲಿಲ್ಲ. ದಿನಪೂರ್ತಿ ಜಡಿಮಳೆಗೆ ಅದೂ ಸೋಲ್ತೈತಿ, ನೆನೆದ ಕಂಬಳಿ ಎತ್ತೋದು ಕಷ್ಟ. ಆದ್ರ ಎರಡೂ ಕೆಲಸ ಒಂದೇ ಬಟ್ಟಿ ಮಾಡಬೇಕು ಅನ್ನೋ ಲೆಕ್ಕ ಅದರಾಗ ಮೊದಲೇ ಇತ್ತು.

ಭಾಗ 4/6: ರಬ್ಬರ್ ಬಂತು

1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಒಂದು ಪೇಟೆಂಟ್ ಪಡೆದ. ಕಲ್ಲಿದ್ದಲ ಟಾರಿನಿಂದ ಸಿಗೋ ನ್ಯಾಫ್ತಾದಲ್ಲಿ ರಬ್ಬರ್ ಕರಗಿಸಿ, ಅದನ್ನು ಎರಡು ಬಟ್ಟೆಗಳ ನಡುವೆ ಬಳಿದು ಅಂಟಿಸಿದ. ಒಂದು ಹನಿಯೂ ಒಳಗ ಬರಲಿಲ್ಲ. ಮಂದಿ ಬಹಳ ಖುಷಿಯಾದ್ರು. ಆದರೆ ಬಿಸಿಲಿಗೆ ಆ ಬಟ್ಟೆ ಮೆತ್ತಗಾಗಿ ಅಂಟುತ್ತಿತ್ತು, ಚಳಿಗೆ ಹಲಗಿ ಆಗ್ತಿತ್ತು, ವಾಸನೆ ಬೇರೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನ ಕಂಡುಕೊಂಡ ಮೇಲೆ ಅಂಟು ಹೋಯ್ತು.

ಬೆವರು ಮಾತ್ರ ಹೋಗಲಿಲ್ಲ. ಹೊರಗಿನ ನೀರು ಒಳಗ ಬಾರದಿದ್ರ, ಒಳಗಿನ ಆವಿನೂ ಹೊರಗ ಹೋಗಲ್ಲ. ನಮ್ಮ ಬೈಕ್ ಮೇಲಿನ ಪ್ಲಾಸ್ಟಿಕ್ ರೇನ್‌ಕೋಟ್ ನೆನಪು ಮಾಡ್ಕೊರಿ: ಜಮಖಂಡಿ ಮುಟ್ಟೂದ್ರಾಗ ಮಳೀಗಿಂತ ಬೆವರಿಗೇ ಅಂಗಿ ತೊಯ್ದಿರ್ತೈತಿ. ಅದು ಮ್ಯಾಕಿಂಟಾಷನ ಮೊಮ್ಮಗ.

ಭಾಗ 5/6: ಸಣ್ಣ ತೂತಿನ ದೊಡ್ಡ ಕಥಿ

1879ರಲ್ಲಿ ಇಂಗ್ಲೆಂಡಿನ ಥಾಮಸ್ ಬರ್ಬೆರಿ ಬೇರೆ ದಾರಿ ಹಿಡಿದ. ರಬ್ಬರ್ ಬಿಟ್ಟು, ನೇಯುವ ಮೊದಲೇ ನೂಲಿಗೆ ನೀರು ತಡೆಯುವ ಲೇಪ ಕೊಟ್ಟು, ಬಟ್ಟೆಯನ್ನು ಬಲು ಒತ್ತಾಗಿ ನೇಯಿಸಿದ. ಹೆಸರು ಗ್ಯಾಬರ್ಡಿನ್. ಗಾಳಿ ಆಡೋ ಮಳೆ ಬಟ್ಟೆ. ನೂಲಿಗೆ ಮೊದಲೇ ಲೇಪ, ಆಮೇಲೆ ನೇಯ್ಗೆ. ಹುಣಸಿಬೀಜದ ಗಂಜಿ ನೆನಪಾತಲ್ಲ? ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಲಿತಿಲ್ಲ. ಒಂದೇ ತೊಂದರೆ ಇಬ್ಬರನ್ನೂ ಹತ್ತಿರದ ದಾರಿಗೆ ತಂದಿತ್ತು.

1969ರಲ್ಲಿ ಅಮೆರಿಕದ ಬಾಬ್ ಗೋರ್, ದೋಸೆ ತವಾದ ಮೇಲಿರುವ ಟೆಫ್ಲಾನ್ ಇದೆಯಲ್ಲ, ಅದೇ ವಸ್ತುವಿನ ಕಾಯಿಸಿದ ಸರಳನ್ನು ಜೋರಾಗಿ ಜಗ್ಗಿದ. ಹರಿಯಲಿಲ್ಲ, ಹಿಗ್ಗಿತು. ಒಳಗೆಲ್ಲ ಅತಿ ಸಣ್ಣ ರಂಧ್ರಗಳು. ಕಂಪನಿ ಹೇಳೋ ಪ್ರಕಾರ ಒಂದೊಂದು ರಂಧ್ರ ನೀರಿನ ಹನಿಗಿಂತ 20,000 ಪಟ್ಟು ಸಣ್ಣದು, ಆವಿಯ ಕಣಕ್ಕಿಂತ 700 ಪಟ್ಟು ದೊಡ್ಡದು. ಹನಿ ಒಳಗ ಬರಂಗಿಲ್ಲ, ಬೆವರಿನ ಆವಿ ಹೊರಗ ಹೋಗ್ತೈತಿ. 1976ರಲ್ಲಿ ಗೋರ್‌ಟೆಕ್ಸ್ ಮಾರುಕಟ್ಟೆಗೆ ಬಂತು. ಇವತ್ತಿನ ಒಳ್ಳೆ ಗಾಲ್ಫ್ ಮಳೆ ಪ್ಯಾಂಟುಗಳ ಒಳಗೆ ಇದೋ, ಇಂಥದ್ದೇ ಇನ್ನೊಂದು ಪೊರೆಯೋ ಇರುತ್ತದೆ.

ಭಾಗ 6/6: ಆರಿಸೋದು ಹೆಂಗ? (ಸೇವ್ ಮಾಡಿಟ್ಕೊರಿ)

ಈ ಇತಿಹಾಸ ಗೊತ್ತಿದ್ರ ಅಂಗಡ್ಯಾಗ ಮೋಸ ಹೋಗಂಗಿಲ್ಲ.

• ಚೀಟಿ ಓದ್ರಿ. ‘ವಾಟರ್ ರೆಸಿಸ್ಟಂಟ್’ ಅಂದ್ರ ಸಣ್ಣ ಮಳೀಗೆ ಅಷ್ಟ. ‘ವಾಟರ್‌ಪ್ರೂಫ್ 10,000 ಮಿ.ಮೀ.’ ಅಂದ್ರ 10 ಮೀಟರ್ ಎತ್ತರದ ನೀರಿನ ಒತ್ತಡ ತಡೀತೈತಿ.
• ಆವಿ ಬಿಡೋ ಅಂಕಿನೂ ನೋಡ್ರಿ. ಅದನ್ನ ಬರೀದೇ ಇದ್ರ ಮ್ಯಾಕಿಂಟಾಷನ ಕಾಲಕ್ಕ ಹೋದಂಗ.
• ಒಳಗ ಹೊರಳಿಸಿ ಹೊಲಿಗಿ ನೋಡ್ರಿ. ಸೂಜಿ ಚುಚ್ಚಿದ ಪ್ರತಿ ತೂತೂ ಸೋರ್ತೈತಿ, ಅದರ ಮ್ಯಾಲೆ ಟೇಪ್ ಅಂಟಿಸಿರಬೇಕು.
• ಕಾಲಿನ ಬಾಜೂಕ ಉದ್ದ ಜಿಪ್ ಇದ್ರ ಬೂಟು ಬಿಚ್ಚದೇ ಹಾಕ್ಕೋಬಹುದು. ಮಳಿ ಹೇಳಿ ಕೇಳಿ ಬರಂಗಿಲ್ಲ.
• ಒಳಗಿನ ಪ್ಯಾಂಟಿನ ಮ್ಯಾಲೆ ಹಾಕಿ, ಕುಂತು, ಸೊಂಟ ತಿರುವಿ ನೋಡ್ರಿ. ಹಿಡೀಬಾರದು, ಪರಪರ ಸಪ್ಪಳ ಮಾಡಬಾರದು.
• ಹನಿ ಉರುಳೋದು ಬಿಟ್ಟು ಬಟ್ಟೆ ನೆನೆಯಾಕತ್ರ, ಹೊರಗಿನ ಲೇಪ ಸವೆದೈತಿ ಅಂತ ಅರ್ಥ. ಎಸೀಬ್ಯಾಡ್ರಿ, ತೊಳೆದು ಮತ್ತೆ ಲೇಪ ಕೊಡಬಹುದು.

ಇನ್ನೊಂದು ಮಾತು. ಒಳಗೆ ಬಿಸಿ-ತೇವ ಹೆಚ್ಚು, ಹೊರಗೆ ಕಮ್ಮಿ ಇದ್ದಾಗಲೇ ಆವಿ ಹೊರಗ ಓಡ್ತೈತಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಇದು ಚಂದ. ನಮ್ಮ ಮುಂಗಾರಿನ ಬೆಚ್ಚನೆ ಗಾಳಿಯಲ್ಲಿ ಎಂಥ ದುಬಾರಿ ಪೊರೆಯೂ ನಿಧಾನ. ಹಂಗಾಗಿ ಇಲ್ಲಿ ಆಡೋರಿಗೆ ದಪ್ಪನೆಯದಕ್ಕಿಂತ ತೆಳು, ಸಡಿಲ ಪ್ಯಾಂಟೇ ಸರಿ. ಬಿಕಾಂ ಲೆಕ್ಕದಾಗ ಹೇಳಬೇಕಂದ್ರ, ಬೆಲೆಯನ್ನ ಅಷ್ಟಕ್ಕೇ ನೋಡಬ್ಯಾಡ್ರಿ, ಎಷ್ಟು ಮಳೆಗಾಲಕ್ಕ ಸವಕಳಿ ಹಂಚತೀರಿ ಅಂತ ನೋಡ್ರಿ.

ಈಗ ಮೈದಾನದಾಗ ಆಡೋರಿಗೆ ಪೊರೆ ಇರೋ ಪ್ಯಾಂಟ್ ಐತಿ. ಹೊಲದಾಗ ಕಬ್ಬಿಗೆ ನೀರು ಹಾಯಿಸೋರು ಗೊಬ್ಬರದ ಚೀಲದ ಕೊಪ್ಪಿ ಹಾಕ್ಕೊಂಡು ಮಳ್ಯಾಗ ನಿಂತಿರ್ತಾರ. ಕಂಬಳಿಗೆ ಗಿರಾಕಿ ಕಮ್ಮಿ ಆಗಿ, ಎಷ್ಟೋ ಕಡೆ ಕತ್ತರಿಸಿದ ದಖ್ಖನಿ ಉಣ್ಣೆ ಕೊಳ್ಳೋರಿಲ್ಲದೆ ಬಿದ್ದಿರ್ತೈತಿ. ಮಳೆ ಎಲ್ಲರಿಗೂ ಒಂದೇ, ಬಟ್ಟಿ ಮಾತ್ರ ಒಂದೇ ಅಲ್ಲ. ಉಣ್ಣೆಯ ಗುಣ ಏನೂ ಕೆಟ್ಟಿಲ್ಲ, ಪ್ಯಾಟಿ ಕೆಟ್ಟೈತಿ. ಆ ಉಣ್ಣೆಯಿಂದ ಹೊಸದೇನು ಮಾಡಿ ಮಾರಬಹುದು ಅನ್ನೋದು ನಮ್ಮಂಥ ಕಾಮರ್ಸ್ ಹುಡುಗ-ಹುಡುಗಿಯರೇ ಕೂತು ಹಾಕಬೇಕಾದ ಲೆಕ್ಕ.

ನಿಮ್ಮ ಮನ್ಯಾಗ ಹಳೆ ಕಂಬಳಿ ಐತೇನು? ಯಾರು ನೇಯ್ದದ್ದು, ಎಷ್ಟು ವರ್ಷದ್ದು ಅಂತ ಅಜ್ಜ-ಅಮ್ಮನ್ನ ಕೇಳಿ ಕಮೆಂಟ್‌ನಾಗ ಬರೀರಿ.

#ಸಾವಳಗಿ #ಜಮಖಂಡಿ #ಕಂಬಳಿ #ಬಟ್ಟೆಯಇತಿಹಾಸ