ಬರ್ಮೀಯರಿಗೆ ದೊರೆತ ಅಭಯ

1988ರ ಸೆಪ್ಟೆಂಬರ್ 18ರಂದು ಬರ್ಮಾದ ಸೇನೆಯು ಅಧಿಕಾರವನ್ನು ವಶಪಡಿಸಿಕೊಂಡು, ಪ್ರಜಾಪ್ರಭುತ್ವವನ್ನು ಕೇಳಿದ ಜನರ ಮೇಲೆ ಗುಂಡು ಹಾರಿಸಿತು. ಅಮೆರಿಕವು ನೆರವನ್ನು ನಿಲ್ಲಿಸಿತು. ಜಪಾನ್ ನಿಲ್ಲಿಸಿಯೂ 1989ರಲ್ಲೇ ಸೇನಾಡಳಿತಕ್ಕೆ ಮಾನ್ಯತೆಯಿತ್ತಿತು. ಗಡಿ ದಾಟಿ ಬಂದ ವಿದ್ಯಾರ್ಥಿಗಳಿಗೆ ಆಶ್ರಯವಿತ್ತ ಭಾರತವೂ ಮುಂದಿನ ದಶಕದಲ್ಲಿ ಆ ಸೇನಾನಿಗಳೊಡನೆ ಸ್ನೇಹ ಬೆಳೆಸಿತು. ಗಡಿಯ ಭದ್ರತೆ, ಚೀನಾದ ಪ್ರಭಾವ, ಕಾರಣಗಳೇನೋ ಸುಳ್ಳಲ್ಲ.

ಆದರೆ ಮಂಗಳೂರಿನಲ್ಲಿ 1930ರಲ್ಲಿ ಜನಿಸಿದ ಜಾರ್ಜ್ ಫೆರ್ನಾಂಡಿಸ್ ಅವರ ದೆಹಲಿಯ ಕೃಷ್ಣ ಮೆನನ್ ಮಾರ್ಗದ ನಿವಾಸದಲ್ಲಿ ಬರ್ಮೀ ವಿದ್ಯಾರ್ಥಿಗಳು ನೆಲೆಸಿದ್ದರು. 1998ರಲ್ಲಿ ರಕ್ಷಣಾ ಸಚಿವರಾದ ಮೇಲೂ ಅವರು ಆ ಬಾಗಿಲನ್ನು ಮುಚ್ಚಲಿಲ್ಲ. ಸುರತ್ಕಲ್ಲಿನವರಾದ ನಾವು ಅವರನ್ನು ಕೊಂಕಣ ರೈಲಿಗಾಗಿ ನೆನೆಯುತ್ತೇವೆ. ಈ ಅಭಯದಾನವನ್ನು ನೆನೆಯುವವರು ವಿರಳ.

ಅವರು 2019ರಲ್ಲಿ ನಿಧನರಾದರು. 2021ರ ಫೆಬ್ರವರಿ 1ರಂದು ಸೇನೆಯು ಮತ್ತೆ ಅಧಿಕಾರವನ್ನು ಕಸಿಯಿತು. ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅದನ್ನು ಖಂಡಿಸುವ ನಿರ್ಣಯಕ್ಕೆ 119 ರಾಷ್ಟ್ರಗಳು ಮತವಿತ್ತವು. ತಟಸ್ಥವಾಗಿ ಉಳಿದ 36 ರಾಷ್ಟ್ರಗಳಲ್ಲಿ ಭಾರತವೂ ಒಂದು.