ಭಾರ ಎತ್ತುವವರ ಬೆನ್ನು: ಒಂದು ಶಸ್ತ್ರಚಿಕಿತ್ಸೆಯ ಚರಿತ್ರೆ

1911ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಮಿಡ್ಲ್‌ಟನ್ ಮತ್ತು ಟೀಚರ್, ಒಂದು ವಿಚಿತ್ರ ಸಾವಿನ ವಿವರವನ್ನು ಪ್ರಕಟಿಸಿದರು. ಕೆಲಸಗಾರನೊಬ್ಬ ಭಾರವಾದ ಲೋಹದ ಹಲಗೆಯನ್ನು ನೆಲದಿಂದ ಎತ್ತುತ್ತಿದ್ದ. ಬೆನ್ನಿನಲ್ಲಿ ಏನೋ ಚಟ್ ಎಂದು ಮುರಿದಂತಾಯಿತು. ನೋವು ಶುರುವಾಯಿತು, ಕಾಲುಗಳ ಸ್ವಾಧೀನ ತಪ್ಪಿತು, ಆತ ಹೆಚ್ಚು ದಿನ ಬದುಕಲಿಲ್ಲ. ಶವಪರೀಕ್ಷೆ ಮಾಡಿದಾಗ ಮೂಳೆ ಮುರಿದಿರಲಿಲ್ಲ. ಎರಡು ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಹರಿದು, ಅದರ ತಿರುಳು ಹೊರಗೆ ಬಂದು ಬೆನ್ನುಹುರಿಯನ್ನು ಒತ್ತಿತ್ತು. ಭಾರ ಎತ್ತುವುದಕ್ಕೂ ಈ ಮೆತ್ತೆ ಒಡೆಯುವುದಕ್ಕೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಮೊದಲ ದಾಖಲೆಗಳಲ್ಲಿ ಇದೂ ಒಂದು. ಆದರೂ ವೈದ್ಯಲೋಕ ಇದರ ಕಡೆ ತಿರುಗಿ ನೋಡಲು ಮತ್ತೆ ಇಪ್ಪತ್ತು ವರ್ಷಗಳಿಗೂ ಮೇಲೆ ಬೇಕಾಯಿತು.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೀವು ನೋಡಿರಬಹುದು, ಅಥವಾ ದೂರದರ್ಶನದಲ್ಲಿ ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್ ನೋಡಿರಬಹುದು. ಎತ್ತುವವರ ತೋಳನ್ನೂ ಭುಜವನ್ನೂ ನಾವು ಮೆಚ್ಚುತ್ತೇವೆ. ಆದರೆ ಕೈಯಲ್ಲಿರುವ ಅಷ್ಟೂ ಭಾರ ನೆಲಕ್ಕೆ ಇಳಿಯುವುದು ಸೊಂಟದ ಮೂಲಕ. ಆ ಸೊಂಟದಲ್ಲಿ ಮೆತ್ತೆಯೊಂದು ಒಡೆದಾಗ, ನಾಳೆ ಮತ್ತೆ ಭಾರ ಎತ್ತಬೇಕೆಂದಿರುವ ಕ್ರೀಡಾಪಟು ಶಸ್ತ್ರಚಿಕಿತ್ಸೆಗೆ ಒಪ್ಪಬೇಕೆ, ಕಾಯಬೇಕೆ? ಈ ಪ್ರಶ್ನೆಗೆ ಕಳೆದ ತೊಂಬತ್ತು ವರ್ಷಗಳಲ್ಲಿ ವೈದ್ಯರು ಕೊಟ್ಟ ಉತ್ತರ ಒಂದೇ ರೀತಿ ಉಳಿದಿಲ್ಲ. ಅದು ಬದಲಾದ ಬಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಮೊದಲು ಆ ಮೆತ್ತೆಯ ರಚನೆಯನ್ನು ತಿಳಿದುಕೊಳ್ಳೋಣ. ಬೆನ್ನೆಲುಬಿನ ಮಣಿಗಳ ನಡುವೆ ಇರುವ ಇದನ್ನು ಡಿಸ್ಕ್ ಎನ್ನುತ್ತಾರೆ. ಹೊರಗೆ ಪದರ ಪದರವಾಗಿ ಸುತ್ತಿದ ನಾರಿನ ಉಂಗುರ, ಒಳಗೆ ನೀರು ತುಂಬಿದ ಲೋಳೆಯಂಥ ತಿರುಳು. ನಾರು ಬಿರಿದು ತಿರುಳು ಹಿಂದಕ್ಕೆ ಚಾಚಿಕೊಂಡರೆ ಅಲ್ಲಿಯೇ ಹಾದುಹೋಗುವ ನರದ ಬೇರಿಗೆ ತಾಗುತ್ತದೆ. ಆಗ ನೋವು ಸೊಂಟದಲ್ಲಿ ನಿಲ್ಲದೆ ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ಇಳಿಯುತ್ತದೆ. ಆಡುಮಾತಿನಲ್ಲಿ ‘ಡಿಸ್ಕ್ ಜಾರಿದೆ’ ಎನ್ನುತ್ತಾರಾದರೂ ಅದು ಎಲ್ಲಿಗೂ ಜಾರುವುದಿಲ್ಲ, ಒಡೆಯುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿಯೇ ಇದು ಬಹುಪಾಲು ಆಗುವುದು.

ಕಾಲಿಗೆ ಇಳಿಯುವ ಈ ನೋವು ಹಳೆಯದು. ಚರಕಸಂಹಿತೆಯಲ್ಲಿ ಗೃಧ್ರಸಿ ಎಂಬ ಹೆಸರಿದೆ. ನೋವುಂಡವನ ನಡಿಗೆ ಹದ್ದಿನ ನಡಿಗೆಯಂತೆ ಕಾಣುತ್ತದೆ ಎಂಬುದು ಆ ಹೆಸರಿಗೆ ಕೊಡುವ ವಿವರಣೆ. ಇಟಲಿಯ ಕೊಟುನ್ಯೋ 1764ರಲ್ಲಿ ಇದು ಕೀಲಿನದಲ್ಲ, ನರದ ನೋವು ಎಂದು ಬೇರ್ಪಡಿಸಿ ತೋರಿಸಿದ. ಮಲಗಿದವನ ಕಾಲನ್ನು ನೇರವಾಗಿ ಮೇಲೆತ್ತಿ ನೋವು ಬರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಸೆರ್ಬಿಯಾದ ಲಜಾರೆವಿಚ್ 1880ರಲ್ಲಿ ವಿವರಿಸಿದ. ಇಂದಿಗೂ ವೈದ್ಯರು ಮೊದಲು ಮಾಡುವುದು ಅದನ್ನೇ. ನೋವಿನ ದಾರಿ ಹೀಗೆ ತಿಳಿದಿದ್ದರೂ ಅದರ ಮೂಲ ತಿಳಿದಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಎಲ್ಲವೂ ‘ಉಳುಕು’. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಹೋಗುತ್ತದೆ ಎಂದು ನಂಬುವವರಿದ್ದರು. ಒಡೆದ ಡಿಸ್ಕಿನ ಮೇಲೆ ತುಳಿಸಿಕೊಳ್ಳುವುದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಿಲ್ಲ.

ಮೂಲ ಸಿಕ್ಕಿದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. ಹಿಮದ ಮೇಲೆ ಜಾರುವ ಆಟದಲ್ಲಿ ಪೆಟ್ಟು ತಿಂದ ಯುವಕನೊಬ್ಬನಿಗೆ ಕಾಲುನೋವು ಬಿಡದೆ ಕಾಡುತ್ತಿತ್ತು. ಬೆನ್ನುಹುರಿಯ ನಾಳದಲ್ಲಿ ಗೆಡ್ಡೆ ಇರಬೇಕೆಂದು ಊಹಿಸಿ, 1932ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನರಶಸ್ತ್ರವೈದ್ಯ ಮಿಕ್ಸ್‌ಟರ್ ಶಸ್ತ್ರಚಿಕಿತ್ಸೆ ಮಾಡಿದರು. ಹೊರತೆಗೆದ ಚೂರನ್ನು ಪರೀಕ್ಷಿಸಿದಾಗ ಅದು ಗೆಡ್ಡೆಯಲ್ಲ, ಡಿಸ್ಕಿನ ತುಂಡು ಎಂಬುದು ಅವರಿಗೂ ಮೂಳೆವೈದ್ಯ ಬಾರ್ ಅವರಿಗೂ ಹೊಳೆಯಿತು. ಮುಂದಿನ ಹೆಜ್ಜೆಯೇ ನಿಜವಾದ ಸಂಶೋಧನೆ. ಆಸ್ಪತ್ರೆಯಲ್ಲಿ ಹಿಂದೆ ‘ಮೃದ್ವಸ್ಥಿಯ ಗೆಡ್ಡೆ’ ಎಂದು ಚೀಟಿ ಅಂಟಿಸಿ ಇಟ್ಟಿದ್ದ ಹಳೆಯ ಮಾದರಿಗಳನ್ನು ತೆಗೆಸಿ ನೋಡಿದರು. ಅವುಗಳಲ್ಲಿ ಹೆಚ್ಚಿನವು ಡಿಸ್ಕಿನ ತುಂಡುಗಳೇ ಆಗಿದ್ದವು! ಉತ್ತರ ಕಪಾಟಿನಲ್ಲಿಯೇ ಇತ್ತು, ಹೆಸರು ಮಾತ್ರ ತಪ್ಪಾಗಿತ್ತು. 1934ರಲ್ಲಿ ಅವರು 19 ರೋಗಿಗಳ ವಿವರದೊಂದಿಗೆ ಪ್ರಕಟಿಸಿದ ಲೇಖನದಿಂದ ಬೆನ್ನುನೋವಿನ ಚರಿತ್ರೆಯ ಹೊಸ ಅಧ್ಯಾಯ ಶುರುವಾಯಿತು.

ಶುರುವಾದದ್ದು ಅಧ್ಯಾಯ ಮಾತ್ರವಲ್ಲ, ಒಂದು ಭರಾಟೆ ಕೂಡ. ಕಾರಣ ಕಂಡಿತು, ಕತ್ತರಿಸಿ ತೆಗೆದರೆ ಆಯಿತು ಎಂಬ ಉತ್ಸಾಹದಲ್ಲಿ ದಶಕಗಳ ಕಾಲ ಅಸಂಖ್ಯ ಬೆನ್ನುಗಳನ್ನು ತೆರೆಯಲಾಯಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ 1944ರಲ್ಲಿ ಒಮ್ಮೆ, 1954ರಲ್ಲಿ ಮತ್ತೊಮ್ಮೆ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಎರಡನೆಯ ಸಲ ಸೋಂಕು ತಗುಲಿ ಸಾವಿನಂಚಿಗೆ ಹೋಗಿ ಬಂದರು, ನೋವು ಮಾತ್ರ ಹೋಗಲಿಲ್ಲ. 1960ರ ದಶಕದಲ್ಲಿ ಲೈಮನ್ ಸ್ಮಿತ್ ಎಂಬ ವೈದ್ಯರು ಪರಂಗಿ ಹಣ್ಣಿನ ಕಿಣ್ವವನ್ನು ಡಿಸ್ಕಿನೊಳಗೆ ಚುಚ್ಚಿ ತಿರುಳನ್ನು ಕರಗಿಸುವ ವಿಧಾನ ತಂದರು. ಮಾಂಸ ಬೇಗ ಬೇಯಲು ಪರಂಗಿಕಾಯಿ ಹಾಕುವ ನಮ್ಮ ಅಡಿಗೆಮನೆಯ ತಂತ್ರವೇ ಇದು! ಕೆಲವರಿಗೆ ಪ್ರಾಣಾಂತಕ ಅಲರ್ಜಿ ಆಗುತ್ತಿದ್ದುದರಿಂದ ಆ ವಿಧಾನ ಕ್ರಮೇಣ ಮೂಲೆಗೆ ಸರಿಯಿತು. 1977ರಲ್ಲಿ ಯಶಾರ್ಗಿಲ್ ಮತ್ತು ಕ್ಯಾಸ್ಪರ್ ಸೂಕ್ಷ್ಮದರ್ಶಕದ ನೆರವಿನಿಂದ ಚಿಕ್ಕ ಗಾಯದಲ್ಲಿಯೇ ಕೆಲಸ ಮುಗಿಸುವ ವಿಧಾನವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಸಲೀಸಾಯಿತು. ಅದು ಅಗತ್ಯವೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಯನ್ನು ಸರಿಯಾದ ರೀತಿಯಲ್ಲಿ ಕೇಳಿದವರು ನಾರ್ವೆಯ ಹೆನ್ರಿಕ್ ವೆಬರ್. ಯಾರಿಗೆ ಶಸ್ತ್ರಚಿಕಿತ್ಸೆ ಬೇಕೇಬೇಕು, ಯಾರಿಗೆ ಬೇಡವೇ ಬೇಡ ಎಂಬುದು ಸ್ಪಷ್ಟವಿದ್ದವರನ್ನು ಅವರು ಬದಿಗಿಟ್ಟರು. ನಡುವೆ ಉಳಿದ, ಎರಡೂ ಆಗಬಹುದು ಎನಿಸಿದ 126 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಶ್ರಾಂತಿ ಮತ್ತು ವ್ಯಾಯಾಮ. ನಂತರ ಹತ್ತು ವರ್ಷ ಅವರನ್ನು ಹಿಂಬಾಲಿಸಿದರು. 1983ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯ ಗುಂಪು ಸ್ಪಷ್ಟವಾಗಿ ಮುಂದಿತ್ತು. ನಾಲ್ಕು ವರ್ಷಕ್ಕೆ ಆ ಮುನ್ನಡೆ ಲೆಕ್ಕಕ್ಕೆ ಹಿಡಿಯುವಷ್ಟು ಉಳಿದಿರಲಿಲ್ಲ. ಹತ್ತು ವರ್ಷಕ್ಕೆ ಇಬ್ಬರೂ ಒಂದೇ. ಗಮನಿಸಿ, ಇಲ್ಲಿ ಶಸ್ತ್ರಚಿಕಿತ್ಸೆ ವ್ಯರ್ಥವೆಂದು ಸಿದ್ಧವಾಗಲಿಲ್ಲ. ಅದು ಕೊಡುವುದು ಬೇರೆ ಗುರಿಯನ್ನಲ್ಲ, ಅದೇ ಗುರಿಗೆ ಬೇಗ ಸೇರುವ ದಾರಿಯನ್ನು ಎಂದು ತಿಳಿಯಿತು.

ಕಾಯ್ದವರು ಗುಣವಾಗುವುದು ಹೇಗೆ? ಹೊರಬಂದ ತಿರುಳನ್ನು ದೇಹ ಅನ್ಯವಸ್ತುವೆಂದು ಭಾವಿಸಿ, ರಕ್ಷಕಕೋಶಗಳನ್ನು ಕಳಿಸಿ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಪೂರ್ತಿಯಾಗಿ ಹೊರಬಿದ್ದ ದೊಡ್ಡ ತುಂಡುಗಳೇ ಹೆಚ್ಚು ಕುಗ್ಗುತ್ತವೆ ಎಂಬುದು ಎಂಆರ್‌ಐ ಚಿತ್ರಗಳಿಂದ ತಿಳಿದ ಅಚ್ಚರಿ. ಎಂಆರ್‌ಐ ಇನ್ನೊಂದು ಅಚ್ಚರಿಯನ್ನೂ ತಂದಿತು. 1994ರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರ ತೆಗೆದು ನೋಡಿದಾಗ ನೂರಕ್ಕೆ 52 ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, 27 ಮಂದಿಯಲ್ಲಿ ಹೊರಚಾಚಿತ್ತು. ಆದುದರಿಂದ ಚಿತ್ರದಲ್ಲಿ ಡಿಸ್ಕ್ ಕೆಟ್ಟು ಕಂಡಿತೆಂದೇ ಯಾರೂ ಶಸ್ತ್ರಚಿಕಿತ್ಸೆಗೆ ಓಡಬೇಕಾಗಿಲ್ಲ. ಚಿತ್ರ, ನೋವಿನ ದಾರಿ, ಕಾಲಿನ ಬಲ, ಈ ಮೂರೂ ಒಂದೇ ನರವನ್ನು ಬೊಟ್ಟು ಮಾಡಬೇಕು.

ನೆದರ್ಲೆಂಡಿನಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನ ವೆಬರ್ ಅವರ ಮಾತನ್ನು ಇನ್ನಷ್ಟು ನಿಖರಗೊಳಿಸಿತು. ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವು ಉಂಡ 283 ಮಂದಿಯಲ್ಲಿ ಕೆಲವರಿಗೆ ಕೂಡಲೇ ಶಸ್ತ್ರಚಿಕಿತ್ಸೆ, ಉಳಿದವರಿಗೆ ಕಾಯುವ ಚಿಕಿತ್ಸೆ. ಕೂಡಲೇ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಕಾಯುತ್ತಿದ್ದವರಲ್ಲಿ ನೂರಕ್ಕೆ 39 ಮಂದಿ ತಡೆಯಲಾರದೆ ನಡುವೆಯೇ ಶಸ್ತ್ರಚಿಕಿತ್ಸೆಗೆ ಹೋದದ್ದನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ 2006ರಲ್ಲಿ ವರದಿಯಾದ ದೊಡ್ಡ ಪ್ರಯೋಗದಲ್ಲಂತೂ ಗುಂಪು ಬದಲಿಸಿದವರೇ ಇಷ್ಟೊಂದು ಮಂದಿ ಎಂದರೆ ಫಲಿತಾಂಶವನ್ನು ಓದುವುದೇ ಕಷ್ಟವಾಯಿತು. ನೋವುಂಡ ಮನುಷ್ಯ ಚೀಟಿಯ ಮಾತು ಕೇಳುವುದಿಲ್ಲ!

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯ ಜನರ ಲೆಕ್ಕ. ಭಾರ ಎತ್ತುವವರ ಲೆಕ್ಕದಲ್ಲಿ ಎರಡು ಸಂಗತಿ ಬೇರೆ. ಒಂದು, ಕಾಲ. ಗುಮಾಸ್ತೆಗೆ ಒಂದು ವರ್ಷ ಕಾಯುವುದೆಂದರೆ ಒಂದು ವರ್ಷದ ನೋವು. ಇಪ್ಪತ್ತಮೂರರ ವೇಟ್‌ಲಿಫ್ಟರಿಗೆ ಅದು ಒಂದು ಒಲಿಂಪಿಕ್ಸ್ ಇರಬಹುದು. ಇನ್ನೊಂದು, ಅವರು ಮರಳಿ ಹೋಗುವುದು ಡಿಸ್ಕನ್ನು ಒಡೆದ ಅದೇ ಕೆಲಸಕ್ಕೆ.

ಈ ಕ್ರೀಡೆಗೂ ಬೆನ್ನಿಗೂ ಇರುವ ತಕರಾರು ಹಳೆಯದು. 1972ರ ಮ್ಯೂನಿಚ್ ಒಲಿಂಪಿಕ್ಸ್‌ವರೆಗೆ ಪ್ರೆಸ್ ಎಂಬ ಮೂರನೆಯ ವಿಧದ ಎತ್ತುವಿಕೆಯೂ ಇತ್ತು. ನೇರವಾಗಿ ನಿಂತು ಎತ್ತಬೇಕಾದ ಅದನ್ನು ಸ್ಪರ್ಧಿಗಳು ಹಿಂದಕ್ಕೆ ಬಿಲ್ಲಿನಂತೆ ಬಾಗಿ ಎತ್ತತೊಡಗಿದರು. ತೀರ್ಪು ಕೊಡುವುದು ಕಷ್ಟವಾಯಿತು, ಸೊಂಟದ ಬಗೆಗೂ ಆತಂಕವಿತ್ತು. ಕೊನೆಗೆ ಅದನ್ನು ಕೈಬಿಡಲಾಯಿತು. ಬಾಗಿದ ಬೆನ್ನು ಡಿಸ್ಕಿಗೆ ಎಷ್ಟು ಭಾರ ಎಂಬುದನ್ನು ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಅಳೆದು ಪ್ರಕಟಿಸಿದರು. ಸ್ವಯಂಸೇವಕನೊಬ್ಬನ ಡಿಸ್ಕಿನೊಳಗೆ ಒತ್ತಡಮಾಪಕ ಇಟ್ಟು 20 ಕಿಲೋ ಎತ್ತಿಸಿದರು. ಬೆನ್ನು ಬಗ್ಗಿಸಿ ಎತ್ತಿದಾಗ ಒತ್ತಡ ಸುಮ್ಮನೆ ನಿಂತಿದ್ದಾಗಿನ ನಾಲ್ಕೂವರೆ ಪಟ್ಟಿಗೂ ಹೆಚ್ಚಾಯಿತು. ಮೊಣಕಾಲು ಬಗ್ಗಿಸಿ ಎತ್ತಿದಾಗ ಸುಮಾರು ಮೂರೂವರೆ ಪಟ್ಟು. ಕೇವಲ 20 ಕಿಲೋಗೆ ಇಷ್ಟು ವ್ಯತ್ಯಾಸ! 

ಇಬ್ಬರ ಉದಾಹರಣೆ ನೋಡಿ. ಅಮೆರಿಕದ ರೋನಿ ಕೋಲ್ಮನ್ 1998ರಿಂದ 2005ರವರೆಗೆ ಸತತ ಎಂಟು ಬಾರಿ ‘ಮಿಸ್ಟರ್ ಒಲಿಂಪಿಯಾ’ ಆದ ದೇಹದಾರ್ಢ್ಯ ಪಟು. ಸುಮಾರು 363 ಕಿಲೋ ಹೆಗಲ ಮೇಲೆ ಹೊತ್ತು ಕುಳಿತು ಎದ್ದವರು. ಡಿಸ್ಕ್ ಪೆಟ್ಟಾದ ಮೇಲೂ ವರ್ಷಗಟ್ಟಲೆ ಭಾರ ಇಳಿಸಲಿಲ್ಲ. 2007ರಿಂದ ಒಂದಾದ ಮೇಲೊಂದು ಹತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಊರುಗೋಲಿಲ್ಲದೆ ನಡೆಯುವುದು ಕಷ್ಟವಾಯಿತು. ಆದರೂ ತಮಗೆ ಪಶ್ಚಾತ್ತಾಪವಿಲ್ಲ ಎಂದೇ ಅವರು ಹೇಳುತ್ತಾರೆ. ಅದೇ ದೇಶದ ಬ್ರಯನ್ ಕ್ಯಾರೊಲ್ ಪವರ್‌ಲಿಫ್ಟರ್. ಸೊಂಟದ ಡಿಸ್ಕುಗಳೂ ಮೂಳೆಯೂ ಹಾಳಾಗಿ 2013ರಲ್ಲಿ ಕೆನಡಾದ ಬೆನ್ನುತಜ್ಞ ಸ್ಟುವರ್ಟ್ ಮೆಕ್‌ಗಿಲ್ ಅವರ ಬಳಿ ಹೋದರು. ಕತ್ತಿಯ ಬದಲು ಅವರು ಆರಿಸಿಕೊಂಡದ್ದು ಭಾರಕ್ಕೆ ದೀರ್ಘ ವಿರಾಮ, ಕೂರುವ ಏಳುವ ರೀತಿಯನ್ನೂ ಹೊಸದಾಗಿ ಕಲಿಯುವ ಶಿಸ್ತು. 2020ರಲ್ಲಿ ವಿಶೇಷ ಬಿಗಿ ಉಡುಪು ತೊಟ್ಟು 592 ಕಿಲೋ ಹೊತ್ತು ಎದ್ದರು. ಇದರಿಂದ ಶಸ್ತ್ರಚಿಕಿತ್ಸೆ ಕೆಟ್ಟದ್ದು ಎಂದು ತೀರ್ಮಾನಿಸುವುದು ಆತುರವಾದೀತು. ಅವರಿಬ್ಬರ ಗಾಯ ಒಂದೇ ಅಲ್ಲ. ನನಗೆ ಮುಖ್ಯವೆನಿಸುವ ಅಂತರ ಬೇರೆ: ಗಾಯವಾದ ಮೇಲೆ ಒಬ್ಬರು ನಿಲ್ಲಿಸಿದರು, ಒಬ್ಬರು ನಿಲ್ಲಿಸಲಿಲ್ಲ.

ನಿಲ್ಲಿಸುವುದಕ್ಕೂ ಬೆಲೆ ಇದೆ. ನಮ್ಮ ಮೀರಾಬಾಯಿ ಚಾನು 2017ರಲ್ಲಿ ವಿಶ್ವ ಚಾಂಪಿಯನ್ ಆದವರು. ಮರುವರ್ಷ ಸೊಂಟನೋವಿನಿಂದ ಜಕಾರ್ತಾ ಏಷ್ಯನ್ ಕ್ರೀಡಾಕೂಟವನ್ನೇ ಬಿಟ್ಟುಕೊಟ್ಟರು. ಅವರದು ಡಿಸ್ಕಿನ ಕತೆಯೆಂದು ಹೇಳಲಾಗದು, ಆದರೆ ನಿರ್ಧಾರದ ಕಷ್ಟ ಅದೇ. 2020ರಲ್ಲಿ ಅಮೆರಿಕಕ್ಕೆ ಹೋಗಿ, ಸ್ವತಃ ವೇಟ್‌ಲಿಫ್ಟರ್ ಆಗಿದ್ದ ಫಿಸಿಯೋಥೆರಪಿಸ್ಟ್ ಆರನ್ ಹೋರ್ಷಿಗ್ ಅವರಿಂದ ಸ್ನಾಯುಗಳ ಅಸಮತೋಲನ ತಿದ್ದಿಸಿಕೊಂಡರು. 2021ರ ಜುಲೈನಲ್ಲಿ ಟೋಕಿಯೋದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು.

ಹಾಗಾದರೆ ಇಂದು ನಿರ್ಧಾರ ಹೇಗೆ ಆಗುತ್ತದೆ? ಒಂದು ಸಂದರ್ಭದಲ್ಲಿ ಚರ್ಚೆಯೇ ಇಲ್ಲ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಗುದದ ಸುತ್ತ, ತೊಡೆಯ ಒಳಭಾಗ ಜೋಮು ಹಿಡಿದರೆ, ಬೆನ್ನುಹುರಿಯ ಕೆಳಗಿನ ಕುದುರೆಬಾಲದಂಥ ನರಗೊಂಚಲು ಒತ್ತಿಹೋಗುತ್ತಿದೆ ಎಂದರ್ಥ. ಅದು ತುರ್ತು, ಗಂಟೆಗಳ ಲೆಕ್ಕ. ಕಾಲಿನ ಬಲ ದಿನದಿನಕ್ಕೆ ಕುಗ್ಗುತ್ತಿದ್ದರೆ, ಪಾದ ಎತ್ತಲಾಗದೆ ನೆಲಕ್ಕೆ ಬಡಿಯುತ್ತಿದ್ದರೆ ಆಗಲೂ ತಡಮಾಡುವುದಿಲ್ಲ. ಉಳಿದವರಿಗೆ ಆರರಿಂದ ಹನ್ನೆರಡು ವಾರ ಕಾಯುವ ಅವಕಾಶವಿದೆ, ಪೂರ್ತಿ ಮಲಗಿ ಅಲ್ಲ, ನಡೆದಾಡುತ್ತಾ. ನಂತರವೂ ಕಾಲುನೋವು ಬಿಡದಿದ್ದರೆ ಶಸ್ತ್ರಚಿಕಿತ್ಸೆ ನ್ಯಾಯವಾದ ಆಯ್ಕೆ. ಕಾಲಿನ ನೋವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಬರೀ ಸೊಂಟನೋವಿಗೆ ಅಷ್ಟಾಗಿ ಅಲ್ಲ. ಅಮೆರಿಕದ ವೃತ್ತಿಪರ ಆಟಗಾರರ 2011ರ ಅಧ್ಯಯನವೊಂದರಲ್ಲಿ ಡಿಸ್ಕ್ ಒಡೆದವರಲ್ಲಿ ನೂರಕ್ಕೆ 82 ಮಂದಿ ಅಂಗಣಕ್ಕೆ ಮರಳಿದ್ದರು. ಅವರು ಫುಟ್‌ಬಾಲ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಆಡುವವರು, ಭಾರ ಎತ್ತುವವರಲ್ಲ ಎಂಬುದನ್ನು ಮರೆಯಬಾರದು.

ಶಸ್ತ್ರವೈದ್ಯರು ತೆಗೆಯುವುದು ಹೊರಬಂದ ತುಂಡನ್ನು ಮಾತ್ರ. ನಾರಿನ ಉಂಗುರದ ಬಿರುಕು ಅಲ್ಲಿಯೇ ಇರುತ್ತದೆ, ಗಾಯದ ಕಲೆಯಾಗಿ ಮಾಯಬೇಕು. ನೂರಕ್ಕೆ ಐದರಿಂದ ಹದಿನೈದು ಮಂದಿಯಲ್ಲಿ ಅದೇ ಜಾಗದಿಂದ ತಿರುಳು ಮತ್ತೆ ಹೊರಬರುವುದುಂಟು. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ, ಕಾಯ್ದು ಗುಣವಾದವರೂ ಕೊನೆಗೆ ನಿಲ್ಲುವುದು ಒಂದೇ ಕಡೆ: ತಟ್ಟೆಗಳಿಲ್ಲದ ಬರೀ ಸರಳಿನ ಮುಂದೆ, ಪಕ್ಕದಲ್ಲಿ ಬೆನ್ನಿನ ಬಾಗು ನೋಡುವ ತರಬೇತುದಾರ, ಮೊದಲ ಪಾಠದಿಂದ.